ಕಾಣುವ ಅಕ್ಷರ, ಓದುವ ಕಣ್ಣು

ಬೈಯಪ್ಪನಹಳ್ಳಿ ಎಂಬ ಹೆಸರಿಗೆ ಆರು ಅಕ್ಷರ. ಅವುಗಳಲ್ಲಿ ಎರಡಕ್ಕೆ ಒತ್ತು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಸಂಚಾರ ಮೊದಲಾದದ್ದು ಇಲ್ಲಿಗೂ ಮಹಾತ್ಮ ಗಾಂಧಿ ರಸ್ತೆಗೂ ನಡುವೆ. ನಿಲ್ದಾಣದ ಫಲಕವು ಕನ್ನಡ ಬಲ್ಲವರಿಗೆ ಕ್ಷಣಮಾತ್ರದಲ್ಲಿ ಹೆಸರಾಗುತ್ತದೆ. ತೆಲುಗು ಬಲ್ಲವರು ಲಿಪಿಸಾಮ್ಯದ ಬಲದಿಂದ ತುಸು ತಡವರಿಸಿ ಓದಿಕೊಳ್ಳುತ್ತಾರೆ. ಮಲಯಾಳ ಲಿಪಿಯನ್ನಷ್ಟೇ ಬಲ್ಲವರಿಗೆ ಅದು ಬರಿಯ ಗೆರೆಗಳ ಬಳ್ಳಿ. ಫಲಕ ಒಂದೇ, ಮೂವರಿಗೂ ಕಂಡದ್ದು ಒಂದೆಯೇ?

ಇಂದ್ರಿಯಾನುಭವವನ್ನೂ ಅಳೆಯಬಹುದೆಂದು ಜರ್ಮನಿಯ ಫೆಕ್ನರ್ 1860ರಲ್ಲಿಯೇ ಪ್ರತಿಪಾದಿಸಿ ಮನೋಭೌತಶಾಸ್ತ್ರಕ್ಕೆ ತಳಹದಿ ಹಾಕಿದನು. ಬೆಂಗಳೂರಿನದೇ ಆದ ಭಾರತೀಯ ವಿಜ್ಞಾನ ಸಂಸ್ಥೆಯ ಆಕಾಶ್ ಅಗ್ರವಾಲ್, ಕೆ.ವಿ.ಎಸ್. ಹರಿ ಮತ್ತು ಎಸ್.ಪಿ. ಅರುಣ್ ಅವರು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಮೇಲಿನ ಪ್ರಶ್ನೆಗೆ ಬಹು ಸಮೀಪದ್ದು. ತೆಲುಗು ಮತ್ತು ಮಲಯಾಳಗಳಲ್ಲಿ ಒಂದನ್ನು ಮಾತ್ರ ಓದಬಲ್ಲ ಎರಡು ಗುಂಪುಗಳನ್ನು ಅವರು ಆರಿಸಿಕೊಂಡರು. ಒಂದೇ ತೆರನ ಅಕ್ಷರಗಳ ನಡುವೆ ಬೇರೆಯಾದುದನ್ನು ಹುಡುಕುವುದು ಕೆಲಸ. ಹಿಡಿದ ಕಾಲವೇ ಅಳತೆ. ಲಿಪಿ ಬಲ್ಲವರಿಗೆ ಬಿಡಿ ಅಕ್ಷರಗಳ ಭೇದ ಹೆಚ್ಚು ಸ್ಫುಟವಾಗಿತ್ತು. ಜೋಡಿಯಲ್ಲಿ ಒಂದಕ್ಷರ ಇನ್ನೊಂದನ್ನು ಬಾಧಿಸುವುದು ಕಡಿಮೆಯಾಗಿತ್ತು. ಅಂದರೆ ಓದಿನ ಅಭ್ಯಾಸವು ಅರ್ಥಗ್ರಹಣವನ್ನಷ್ಟೇ ಅಲ್ಲ, ನೋಟವನ್ನೇ ತಿದ್ದುತ್ತದೆ.

ಕನ್ನಡದಲ್ಲಿ ಇಂತಹ ಪ್ರಯೋಗ ನಡೆಸುವುದಾದರೆ ತೆಲುಗು ಓದುಗರನ್ನು ಲಿಪಿ ಅರಿಯದವರೆಂದು ಹೋಲಿಕೆಗೆ ತರಲಾಗದು. ಮಲಯಾಳ ಅಥವಾ ತಮಿಳು ಓದುಗರೇ ಬೇಕು. ಅವರನ್ನೆಲ್ಲ ಒಂದೇ ಕತ್ತಲೆಕೋಣೆಗೆ ಕರೆತರುವ ಕಷ್ಟವನ್ನು ಜೆಎಸ್‌ಸೈಕ್, ಸೈಕೋಪೈ ಮೊದಲಾದ ಮುಕ್ತ ತಂತ್ರಾಂಶಗಳು ತಗ್ಗಿಸಿವೆ. ಬೀದರಿನ ಓದುಗರೂ ಕಾಸರಗೋಡಿನ ಓದುಗರೂ ತಮ್ಮ ಮನೆಯ ಗಣಕಯಂತ್ರದಲ್ಲಿಯೇ ಉತ್ತರಿಸಬಹುದು. ಆದರೆ ದೂರದ ಪರದೆಯ ಅಳತೆ ಸಂಶೋಧಕನಿಗೆ ತಿಳಿಯದು. ಅದಕ್ಕೂ ಉಪಾಯವುಂಟು: 85.6 ಮಿಲಿಮೀಟರ್ ಅಗಲದ ಬ್ಯಾಂಕ್ ಕಾರ್ಡನ್ನು ಪರದೆಗೆ ಹಿಡಿದು, ಅಲ್ಲಿನ ಚಿತ್ರವನ್ನು ಅದಕ್ಕೆ ಸರಿಹೊಂದಿಸಿದರೆ ಪರದೆಯ ಪ್ರಮಾಣ ತಿಳಿಯುತ್ತದೆ. ಒಂದು ಕಣ್ಣು ಮುಚ್ಚಿ, ಚಲಿಸುವ ಚುಕ್ಕೆ ಇನ್ನೊಂದು ಕಣ್ಣಿನ ಅಂಧಬಿಂದುವಿನಲ್ಲಿ ಮರೆಯಾಗುವ ಸ್ಥಳವನ್ನು ಗುರುತಿಸಿದರೆ ಕಣ್ಣಿಗೂ ಪರದೆಗೂ ಇರುವ ಅಂತರವನ್ನು ಅಂದಾಜಿಸಬಹುದು. ಒತ್ತಕ್ಷರ ಒಡೆದು ಕಾಣದಂತೆ ಪದವನ್ನು ಚಿತ್ರರೂಪದಲ್ಲಿ ಕೊಡುವುದು ಕ್ಷೇಮ.

ಆದರೆ ಯಾವ ಅಕ್ಷರವನ್ನು ಯಾವುದರೊಡನೆ ಜೋಡಿಸಿ ಕೇಳಬೇಕು? ಇದು ಯಂತ್ರಕ್ಕೆ ತಿಳಿಯದು. ಉತ್ತರಪತ್ರಿಕೆಗಳನ್ನು ತಿದ್ದಿದ ಅಧ್ಯಾಪಕರಿಗೆ ತಿಳಿದಿರುತ್ತದೆ. ಒತ್ತು ತಪ್ಪಿದ ಮಗುವಿನ ಪಾಟಿಯ ಮೇಲೆ ನಾವು ಅಜಾಗ್ರತೆಯೆಂದು ಗೀಟು ಎಳೆಯುತ್ತೇವೆ. ಆ ಮಗು ಒತ್ತನ್ನು ಕಂಡೂ ಬಿಟ್ಟಿತೋ ಕಾಣದೆಯೇ ಬಿಟ್ಟಿತೋ ಎಂಬುದನ್ನು ಅಳೆದು ನೋಡಬಹುದಾಗಿದೆ. ಅಳೆಯುವ ಮೊದಲೇ ಗೀಟು ಎಳೆಯುವುದು ನ್ಯಾಯವಲ್ಲ.