ಕುಸ್ವಾರಿಗೆ ಮುಂಚೆ ದ್ರಾಕ್ಷಿ

ನವೆಂಬರಿನ ಬೆಳಗು. ಮೂಡುಬಿದಿರೆಯ ಕ್ರೈಸ್ತ ಮನೆಯೊಂದರ ಹಿತ್ತಿಲ ಜಗಲಿಯಲ್ಲಿ ಹಳೆಯ ಸೀರೆ ಹಾಸಿ ಕ್ರಿಸ್ಮಸ್ ವೈನಿಗಾಗಿ ಕಪ್ಪು ದ್ರಾಕ್ಷಿ ಹರಡಿದ್ದಾರೆ. ತೊಳೆದ ಹಣ್ಣು ಚೆನ್ನಾಗಿ ಆರಬೇಕು. ಪಸೆ ಉಳಿದರೆ ಭರಣಿಯಲ್ಲಿ ಬೂಷ್ಟು ಹಿಡಿಯುತ್ತದೆ. ನೀವೂ ಕೂತು ತೊಟ್ಟು ಬಿಡಿಸಿ. ಒಂದು ಹಣ್ಣನ್ನು ಒತ್ತಿ ನೋಡಿ: ಸಿಪ್ಪೆ ಬೆರಳಲ್ಲೇ ಉಳಿದು, ಹಸಿರು ತಿರುಳು ಬೀಜದ ಸಮೇತ ಜಾರಿ ಪಾತ್ರೆಗೆ ಬೀಳುತ್ತದೆ.

ಇದು ಬೆಂಗಳೂರು ಬ್ಲೂ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಿನಲ್ಲಿ, ಕಲ್ಲುಕಂಬದ ಚಪ್ಪರಗಳ ಮೇಲೆ ಬೆಳೆಯುವ ಹಣ್ಣು. ಸುಮಾರು 900 ಮೀಟರ್ ಎತ್ತರದ ಆ ತಂಪಿನಲ್ಲಿ ಬಳ್ಳಿ ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ಇತ್ತ ಕರಾವಳಿಯ ಬೆಳ್ತಂಗಡಿ, ಬಂಟ್ವಾಳದ ಕಡೆ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ; ಅಡಿಕೆ, ಕಾಳುಮೆಣಸಿಗೆ ಒಗ್ಗುವ ಆ ತೇವದಲ್ಲಿ ದ್ರಾಕ್ಷಿಗೆ ಬೂಜುರೋಗದ ಕಾಟ. ಹಾಗಾಗಿ ಹಣ್ಣು ಘಟ್ಟ ಇಳಿದೇ ಬರಬೇಕು.

ಈಗ ಅಂಗೈ ಮೂಸಿ ನೋಡಿ. ಈ ಗಾಢ ಪರಿಮಳ ಅಮೆರಿಕದ ಕಾಡುದ್ರಾಕ್ಷಿಯದು. ಅದು ಯುರೋಪಿನ ದ್ರಾಕ್ಷಿಯೊಂದಿಗೆ ಬೆರೆತು ಹುಟ್ಟಿದ ಇಸಬೆಲ್ಲಾ ತಳಿಯೇ ನಮ್ಮ ಬೆಂಗಳೂರು ಬ್ಲೂ. ಚಳಿ ತಾಳುವ ಈ ಬಳ್ಳಿ ಸ್ವಿಟ್ಜರ್ಲೆಂಡಿನ ಟಿಚಿನೊವರೆಗೂ ಹಬ್ಬಿದೆ. ಫ್ರಾನ್ಸ್ ಮಾತ್ರ 1934ರ ಡಿಸೆಂಬರ್ 24ರ ಕಾನೂನಿನಲ್ಲಿ ಇದನ್ನೂ ಸೇರಿಸಿ ಆರು ತಳಿಗಳನ್ನು ನಿಷೇಧಿಸಿತು. ವೈನ್ ಪಂಡಿತರಿಗೆ ಈ ವಾಸನೆ ಒರಟು. ಇಲ್ಲಿನ ಮನೆಗಳಲ್ಲಿ ಅದೇ ಕ್ರಿಸ್ಮಸ್ಸಿನ ವಾಸನೆ.

ಭರಣಿಗೆ ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ಯೀಸ್ಟ್, ಚಕ್ಕೆ, ಲವಂಗ ಬೀಳುತ್ತವೆ. ಬಾಯಿಗೆ ಬಟ್ಟೆ ಕಟ್ಟುತ್ತಾರೆ, ಬಿಗಿಯಾಗಿ ಅಲ್ಲ. ಹುಳಿಯುವಾಗ ಹುಟ್ಟುವ ಗಾಳಿ ಹೊರಗೆ ಹೋಗಬೇಕು. ಎರಡು ದಿನ ಬಿಟ್ಟು ಬಟ್ಟೆ ಬಿಚ್ಚಿದರೆ ಸಿಪ್ಪೆಗಳು ಮೇಲೆದ್ದು ದಪ್ಪ ಪದರವಾಗಿರುತ್ತವೆ. ಒಣ ಮರದ ಸೌಟು ಹಾಕಿ ಒತ್ತಿದೊಡನೆ ನೇರಳೆ ನೊರೆ ಬುಸುಗುಟ್ಟಿ ಏರುತ್ತದೆ. ದಿನವೂ ಹೀಗೆ ಕದಡಬೇಕು. ಬಣ್ಣ ಇಳಿಯುವುದು ಆ ಸಿಪ್ಪೆಯಿಂದಲೇ. ಸಾಮಾನ್ಯವಾಗಿ 21 ದಿನ ಕಳೆದ ಮೇಲೆ ಸೋಸುತ್ತಾರೆ. ಆ ಹೊತ್ತಿಗೆ ಒಲೆಯ ಮೇಲೆ ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಕಲ್‌ಕಲ್‌ಗೆ ಎಣ್ಣೆ ಕಾದಿರುತ್ತದೆ.

ಬೆಂಗಳೂರು ಬ್ಲೂಗೆ 2013ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಆದರೆ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿಯ ಎಷ್ಟೋ ಚಪ್ಪರಗಳು ಕಿತ್ತುಹೋಗಿ ಸೈಟುಗಳಾಗಿವೆ. ಕರಾವಳಿಯ ಭರಣಿ ತುಂಬುವುದು ಆ ರೈತರ ಬೆಳೆಯಿಂದ. ಅಂಗಡಿಯಲ್ಲಿ ಹೆಸರು ಹೇಳಿ ಇದೇ ಹಣ್ಣನ್ನು ಕೇಳಿ, ಒಳ್ಳೆಯ ಬೆಲೆ ಕೊಡಿ. ಬೇಡಿಕೆ ಇದ್ದರಷ್ಟೇ ಚಪ್ಪರ ಉಳಿಯುತ್ತದೆ.