ಕೊರಿಯಾ ದೇಶದ ಬೊಂಗೊ ಗಾಡಿ

ಪರದೇಶಕ್ಕೆ ಹೋಗಿಬಂದವರು ಅಲ್ಲಿಯ ಅರಮನೆಗಳನ್ನೂ ದೇವಾಲಯಗಳನ್ನೂ ಕುರಿತು ಬರೆಯುವುದು ವಾಡಿಕೆ. ದಕ್ಷಿಣ ಕೊರಿಯಾದ ರಾಜಧಾನಿಯಾದ ಸೋಲ್ ನಗರದಲ್ಲಿ ಅಂತಹವುಗಳಿಗೆ ಕೊರತೆಯಿಲ್ಲ. ಅವನ್ನೆಲ್ಲ ನಾವೂ ನೋಡಿ ಬೆರಗಾದೆವು. ಆದರೆ ವಾಚಕರ ಮುಂದೆ ನಾವು ಈಗ ಇಡಬೇಕೆಂದಿರುವುದು ಒಂದು ಮೋಟಾರು ಗಾಡಿಯ ವೃತ್ತಾಂತವನ್ನು. ಗೃಹಸ್ಥರ ಮನೆಮಾತಾಗಿ ಹೋದ ಒಂದು ವಸ್ತುವಿನಿಂದ ಒಂದು ನಾಡಿನ ಬಾಳನ್ನು ತಿಳಿಯುವಷ್ಟು ಅರಮನೆಯಿಂದ ತಿಳಿಯಲಾಗದೆಂಬುದು ನಮ್ಮ ಅಭಿಪ್ರಾಯ.

ಸೋಲ್ ನಗರಕ್ಕೆ ನೈಋತ್ಯದಲ್ಲಿ, ಅದಕ್ಕೆ ಅಂಟಿಕೊಂಡೇ, ಗ್ವಾಂಗ್‌ಮ್ಯೊಂಗ್ ಎಂಬ ಪಟ್ಟಣವಿದೆ. ಆ ಹೆಸರಿಗೆ ಪ್ರಕಾಶವೆಂದು ಅರ್ಥ. 1912ರಲ್ಲಿ ತೆರೆಯಲ್ಪಟ್ಟು 1972ರಲ್ಲಿ ಮುಚ್ಚಿಹೋದ ಒಂದು ಲೋಹದ ಗಣಿಯು ಅಲ್ಲಿದೆ. ಈಗ ಅದರೊಳಗೆ ದೀಪಗಳನ್ನು ತೂಗುಹಾಕಿ ಯಾತ್ರಿಕರಿಗೆ ತೋರಿಸುತ್ತಾರೆ. ಗಣಿ ಮುಚ್ಚಿದ ಮರುವರ್ಷವೇ, ಎಂದರೆ 1973ರಲ್ಲಿ, ಅದೇ ಸೀಮೆಯ ಸೋಹರಿ ಎಂಬಲ್ಲಿ ಕಿಯಾ ಕಂಪೆನಿಯವರು ತಮ್ಮ ಮೋಟಾರು ಕಾರ್ಖಾನೆಯನ್ನು ಕಟ್ಟಿ ಮುಗಿಸಿದರು. ನಮ್ಮ ಕಥೆಯ ಜನ್ಮಭೂಮಿ ಇದೇ.

ಈ ಕಂಪೆನಿಯ ಹುಟ್ಟು ಬಹು ಸಾಮಾನ್ಯವಾದುದು. 1944ರಲ್ಲಿ, ಕೊರಿಯಾ ಇನ್ನೂ ಜಪಾನಿನ ಆಳ್ವಿಕೆಯಲ್ಲಿದ್ದಾಗ, ಕಿಮ್ ಚುಲ್-ಹೊ ಎಂಬವರು ಉಕ್ಕಿನ ಕೊಳವೆಗಳನ್ನೂ ಬೈಸಿಕಲ್ಲಿನ ಬಿಡಿಭಾಗಗಳನ್ನೂ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಸ್ಥಾಪಿಸಿದರು. 1952ರಲ್ಲಿ, ಯುದ್ಧವು ದೇಶವನ್ನೇ ಸೀಳುತ್ತಿದ್ದ ಕಾಲದಲ್ಲಿ, ಆ ದೇಶದ ಮೊದಲ ಬೈಸಿಕಲ್ಲು ಅವರಿಂದ ಹೊರಬಂದಿತು. ಅದಕ್ಕಿಟ್ಟ ಹೆಸರು ಸಂಚೊಲ್ಲಿ, ಎಂದರೆ ‘ಮೂರು ಸಾವಿರ ಹರದಾರಿ’ ಎಂಬಂತಹ ಅರ್ಥ. ತಮ್ಮ ನಾಡಿನ ಉದ್ದಗಲವನ್ನು ಕೊರಿಯಾದವರು ಹೇಳುವ ರೀತಿಯದು. ಎರಡಾಗಿ ಒಡೆದುಹೋಗುತ್ತಿದ್ದ ನಾಡಿನಲ್ಲಿ ಇಡೀ ನಾಡಿನ ಹೆಸರನ್ನು ಒಂದು ಬೈಸಿಕಲ್ಲಿಗೆ ಇಟ್ಟವರ ಮನಸ್ಸನ್ನು ವಾಚಕರು ಊಹಿಸಿಕೊಳ್ಳಬಹುದು. 1962ರಲ್ಲಿ ಮೂರು ಚಕ್ರದ ಸರಕುಗಾಡಿಯೂ 1974ರಲ್ಲಿ ಬ್ರಿಸಾ ಎಂಬ ಕಾರೂ ಬಂದುವು.

ಇಷ್ಟು ಹೊತ್ತಿಗೆ ಕಾಲವು ತಿರುಗಿತು. 1979ರಲ್ಲಿ ಎಣ್ಣೆಯ ಬೆಲೆಯು ಏರಿತು. ಅದೇ ವರ್ಷ ಆ ದೇಶದ ಅಧ್ಯಕ್ಷರು ಕೊಲೆಯಾದರು. ಮರುವರ್ಷ ಸೇನಾನಿಗಳ ಸರ್ಕಾರವು ಬಂದಿತು. ಇರುವ ಕೊಳ್ಳುವವರಿಗಿಂತ ಕಾರು ಮಾಡುವವರೇ ಹೆಚ್ಚೆಂದು ಬಗೆದ ಸರ್ಕಾರವು 1981ರಲ್ಲಿ ಆಜ್ಞೆಯೊಂದನ್ನು ಹೊರಡಿಸಿ, ಯಾರು ಏನನ್ನು ಮಾಡಬೇಕೆಂದು ತಾನೇ ಹಂಚಿಕೊಟ್ಟಿತು. ಕಾರುಗಳು ಬೇರೆ ಎರಡು ಕಂಪೆನಿಗಳ ಪಾಲಿಗೆ ಹೋದುವು. ಕಿಯಾದವರಿಗೆ ದೊರೆತುದು ಸಣ್ಣ ಲಾರಿ ಮತ್ತು ಸಣ್ಣ ಬಸ್ಸು ಮಾತ್ರ. ನಷ್ಟದಲ್ಲಿ ಮುಳುಗಿದ್ದ ಕಂಪೆನಿಗೆ ಇದು ಮರಣಶಾಸನವೆಂದೇ ಹಲವರು ಎಣಿಸಿದರು. ಸಾವಿರಾರು ಕೆಲಸಗಾರರ ಮನೆಯ ಒಲೆಯು ಆ ಒಂದು ಆಜ್ಞೆಯ ಮೇಲೆ ನಿಂತಿದ್ದಿತು.

ಆಗ ಹೊರಬಂದುದೇ ಬೊಂಗೊ. ಜಪಾನಿನ ಮಾಜ್ದಾ ಕಂಪೆನಿಯವರ ಅದೇ ಹೆಸರಿನ ಗಾಡಿಯ ಮಾದರಿಯನ್ನು ಪಡೆದು, 1980ರಲ್ಲಿ ಅದರ ಒಂದು ಟನ್ನಿನ ಲಾರಿಯನ್ನೂ, 1981ರಲ್ಲಿ ಹನ್ನೆರಡು ಮಂದಿ ಕುಳಿತುಕೊಳ್ಳುವ ‘ಬೊಂಗೊ ಕೋಚ್’ ಅನ್ನೂ ಕಿಯಾದವರು ಮಾಡಿದರು. ಬೊಂಗೊ ಎಂದರೆ ಆಫ್ರಿಕದ ಕಾಡಿನ ಒಂದು ಜಾತಿಯ ಜಿಂಕೆ. ಆಫ್ರಿಕದ ಮೃಗದ ಹೆಸರು ಜಪಾನಿನ ಮೂಲಕ ಕೊರಿಯಾಕ್ಕೆ ಬಂದು ಅಲ್ಲಿಯ ಮುದುಕಿಯರ ಬಾಯಲ್ಲಿ ನೆಲಸಿತು. ಗಾಡಿಯು ಬಿಸಿರೊಟ್ಟಿಯಂತೆ ಖರ್ಚಾಗಿ, ಮುಳುಗುವ ಕಂಪೆನಿಯು ಬೇಗನೆ ಲಾಭಕ್ಕೆ ತಿರುಗಿತು. ಇದನ್ನು ಅಲ್ಲಿಯವರು ಇಂದಿಗೂ ‘ಬೊಂಗೊ ಪುರಾಣ’ವೆಂದೇ ಕರೆಯುತ್ತಾರೆ.

ಊರ ಹೊರಗೆ ತರಕಾರಿ ಬೆಳೆಯುವ ಗೃಹಸ್ಥರೊಬ್ಬರ ಹಿತ್ತಲಿನಲ್ಲಿ, ಚಕ್ರಗಳಿಲ್ಲದೆ, ಬೆಳ್ಳುಳ್ಳಿಯ ಕಣಜವಾಗಿ ನಿಂತಿದ್ದ ಅಂತಹ ಹಳೆಯ ಗಾಡಿಯೊಂದನ್ನು ನಾವು ಕಂಡೆವು. ಅದರ ರಚನೆಯನ್ನು ವಿವರಿಸಿದರೆ ವಾಚಕರಿಗೆ ಬೇಸರವಾಗಲಾರದು. ಕಾರಿಗೆ ಮುಂದೆ ಮೂಗಿದೆ. ಆ ಮೂಗಿನೊಳಗೆ ಇಂಜಿನ್ನಿದೆ. ಬೊಂಗೊವಿಗೆ ಮೂಗೇ ಇಲ್ಲ. ಎದುರಿನ ತಗಡು ಗೋಡೆಯಂತೆ ನೇರವಾಗಿ ಇಳಿದಿದೆ. ಡೀಸಲಿನ ಇಂಜಿನ್ನು ಮುಂದಿನ ಆಸನಗಳ ಕೆಳಗೆ ಅಡಗಿದೆ. ಮುಂದಿನ ಚಕ್ರಗಳೂ ಹೆಚ್ಚುಕಡಿಮೆ ಚಾಲಕನ ಆಸನದ ಅಡಿಯಲ್ಲಿಯೇ ಇವೆ. ಇದರಿಂದಾದ ಪ್ರಯೋಜನವೇನೆಂದರೆ, ಗಾಡಿಯ ಉದ್ದವೆಲ್ಲವೂ ಮನುಷ್ಯರಿಗೇ ಸಲ್ಲುತ್ತದೆ. ದೊಡ್ಡ ಕಾರೊಂದು ನಿಲ್ಲುವ ಜಾಗದಲ್ಲಿ ನಾಲ್ಕು ಸಾಲು, ಸಾಲಿಗೆ ಮೂವರು. ಪಕ್ಕದ ಬಾಗಿಲು ಹೊರಕ್ಕೆ ತೆರೆಯದೆ ಹಿಂದಕ್ಕೆ ಜಾರುವುದರಿಂದ ಇಕ್ಕಟ್ಟಾದ ಬೀದಿಯಲ್ಲಿಯೂ ಹತ್ತಿ ಇಳಿಯಬಹುದು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುವುದರಿಂದ ಈ ಬಾಗಿಲೂ ಬಲಕ್ಕಿದೆ. ನಮ್ಮಂತಹ ಎಡಗಡೆಯವರು ಮೊದಲು ತಪ್ಪು ಪಕ್ಕಕ್ಕೇ ಹೋಗಿ ನಿಲ್ಲುತ್ತೇವೆ.

ಎಷ್ಟು ಮಂದಿ ಏರಿದರೂ ಇನ್ನೊಬ್ಬರಿಗೆ ಎಡೆಯಿರುವುದೆಂದು ಪುಷ್ಪಕವಿಮಾನದ ವಿಷಯದಲ್ಲಿ ನಮ್ಮ ಹಿರಿಯರು ಹೇಳುತ್ತಿದ್ದರು. ಆ ಗೃಹಸ್ಥರೂ ತಮ್ಮ ಗಾಡಿಯ ವಿಷಯದಲ್ಲಿ ಅದನ್ನೇ ಹೇಳಿದರು. ‘ಹನ್ನೆರಡು ಎಂಬುದು ಕಾಗದದ ಲೆಕ್ಕ, ಗುರುಗಳೆ, ಹಬ್ಬಕ್ಕೆ ಊರಿಗೆ ಹೋಗುವಾಗ ಮಕ್ಕಳನ್ನು ಯಾರು ಎಣಿಸುತ್ತಿದ್ದರು?’ ಎಂದು ದುಭಾಷಿಯ ಮೂಲಕ ನಕ್ಕರು. ಚಳಿಗಾಲದಲ್ಲಿ ಆಸನದಡಿಯ ಇಂಜಿನ್ನು ಅಗ್ಗಿಷ್ಟಿಕೆಯಂತೆ ಬೆಚ್ಚಗಿರುತ್ತಿದ್ದಿತೆಂದೂ, ಬೇಸಗೆಯಲ್ಲಿ ಅದೇ ಶಾಪವಾಗುತ್ತಿದ್ದಿತೆಂದೂ ಅವರ ಹೆಂಡತಿಯವರು ತಿಳಿಸಿದರು.

1945ರಿಂದ ಕೊರಿಯಾದಲ್ಲಿ ಮಧ್ಯರಾತ್ರಿಯ ಮೇಲೆ ಯಾರೂ ಬೀದಿಗಿಳಿಯಕೂಡದೆಂಬ ಕಟ್ಟಳೆಯಿದ್ದಿತು. 1982ರ ಜನವರಿಯಲ್ಲಿ ಅದನ್ನು ತೆಗೆದುಹಾಕಿದರು. ಸೋಲಿನಿಂದ ಬೂಸಾನ್ ವರೆಗಿನ ಹೆದ್ದಾರಿಯಂತೂ 1970ರಲ್ಲಿಯೇ ಸಿದ್ಧವಾಗಿದ್ದಿತು. ಸ್ವಂತ ಕಾರನ್ನು ಕೊಳ್ಳಲಾರದ, ಆದರೆ ಮನೆಯಿಂದ ಹೊರಟು ಲೋಕವನ್ನು ನೋಡಬೇಕೆಂಬ ಆಸೆ ಮೂಡಿದ್ದ ಜನಕ್ಕೆ ಇಂತಹ ಹೊತ್ತಿನಲ್ಲಿಯೇ ಬೊಂಗೊ ದೊರೆಯಿತು. ಅಂಗಡಿಯವರು, ಸಣ್ಣ ಕಾರ್ಖಾನೆಯವರು, ಚರ್ಚಿನವರು, ಶಿಶುವಿಹಾರದವರು ಅದನ್ನು ಕೊಂಡರು. ವಾರವೆಲ್ಲ ಸರಕನ್ನು ಹೊತ್ತ ಗಾಡಿಯು ಭಾನುವಾರ ನೆಂಟರನ್ನು ಹೊತ್ತು ಬೆಟ್ಟಕ್ಕೋ ಕಡಲಿಗೋ ಹೊರಡುವುದು. ಕ್ರಮೇಣ ಯಾವ ಕಂಪೆನಿಯ ವ್ಯಾನಾದರೂ ಜನರು ‘ಬೊಂಗೊ-ಚಾ’ ಎಂದೇ ಕರೆಯತೊಡಗಿದರು. ನಮ್ಮ ಸೀಮೆಯಲ್ಲಿ ಮೆಟಡಾರ್ ಎಂಬ ಹೆಸರಿಗಾದ ಗತಿಯೇ ಇದು. ಅವರ ಭಾಷೆಯಲ್ಲಿ ‘ಚಾ’ ಎಂದರೆ ಗಾಡಿಯೂ ಹೌದು, ನಾವು ಕುಡಿಯುವ ಚಹವೂ ಹೌದು. ಹೀಗಾಗಿ ದುಭಾಷಿಯು ಗಾಡಿಯ ಮಾತನ್ನೆತ್ತಿದಾಗ ನಾವು ಎರಡು ಸಲ ಲೋಟಕ್ಕಾಗಿ ಕೈಚಾಚಿದೆವು.

ಈ ಹೆಸರಿಗೆ ಕಪ್ಪು ನೆರಳೂ ಬಿದ್ದಿದ್ದಿತು. 1980ರ ದಶಕದ ಕೊನೆಯಲ್ಲಿ ಹೆಣ್ಣುಮಕ್ಕಳನ್ನು ಅಪಹರಿಸಿ ಮಾರುವ ದುಷ್ಟರ ಸುದ್ದಿಗಳು ಹಬ್ಬಿದಾಗ, ಜಾರುವ ಬಾಗಿಲಿನ ಬೊಂಗೊ-ಚಾ ಎಂದರೆ ತಾಯಂದಿರ ಎದೆ ನಡುಗುತ್ತಿದ್ದಿತಂತೆ. ಒಳಗಿರುವವರು ಹೊರಗೆ ಕಾಣದಂತಿರುವ ಗಾಡಿಯು ಸಜ್ಜನರಿಗೆ ಎಷ್ಟು ಅನುಕೂಲವೋ ದುರ್ಜನರಿಗೂ ಅಷ್ಟೇ ಅನುಕೂಲ.

ಆದರೆ ನಾವು ಮುಖ್ಯವಾಗಿ ಹೇಳಬೇಕಾದ ದೋಷವು ಬೇರೆ. ಮೂಗನ್ನು ಕತ್ತರಿಸಿ ಒಳಗೆ ಜಾಗವನ್ನು ಗಳಿಸಿದರಷ್ಟೆ? ಎದುರಿನಿಂದ ಬಂದ ಲಾರಿಗೂ ಚಾಲಕನ ಮೊಣಕಾಲಿಗೂ ನಡುವೆ ಉಳಿದುದು ತಗಡೊಂದೇ. ಕಾರಿನ ಮೂಗು ಡಿಕ್ಕಿಯ ಬಲವನ್ನು ತಾನು ನಜ್ಜುಗುಜ್ಜಾಗಿ ನುಂಗುತ್ತದೆ. ಇಲ್ಲಿ ನುಂಗುವುದಕ್ಕೆ ಮನುಷ್ಯನ ಕಾಲುಗಳಲ್ಲದೆ ಬೇರೆ ಏನೂ ಇಲ್ಲ. ಹನ್ನೆರಡನೆಯವನಿಗೆ ಸ್ಥಳವನ್ನು ಒದಗಿಸಿದ ಉಪಾಯವೇ ಮೊದಲನೆಯವನ ಪ್ರಾಣಕ್ಕೆ ಅಪಾಯವಾಯಿತು. 1986ರಲ್ಲಿ ಬೊಂಗೊವಿನ ಉತ್ತರಾಧಿಕಾರಿಯಾಗಿ ಬಂದ ಬೆಸ್ತಾ, ಸುಮಾರು ಅದೇ ಸಮಯಕ್ಕೆ ಹ್ಯುಂಡೈ ಕಂಪೆನಿಯವರು ಜಪಾನಿನ ಮಿತ್ಸುಬಿಷಿಯವರ ಮಾದರಿಯಿಂದ ಮಾಡಿದ ಗ್ರೇಸ್, ಇವೆಲ್ಲವೂ ಮೂಗಿಲ್ಲದವೇ. ನಿಬಂಧನೆಗಳು ಬಿಗಿಯಾಗುತ್ತ ಬಂದು, 2005ರ ಹೊತ್ತಿಗೆ ಈ ವಂಶದ ಪ್ರಯಾಣಿಕರ ಗಾಡಿಗಳು ಆ ದೇಶದ ಕಾರ್ಖಾನೆಗಳಲ್ಲಿ ನಿಂತುಹೋದುವು. ಬೊಂಗೊ ಎಂಬ ಹೆಸರು ಕಿಯಾದ ಸಣ್ಣ ಲಾರಿಯಲ್ಲಿ ಮಾತ್ರ ಮುಂದುವರಿಯಿತು. ಹಳೆಯ ವ್ಯಾನುಗಳಲ್ಲಿ ಅನೇಕವು ಮಂಗೋಲಿಯಾದಂತಹ ದೇಶಗಳಿಗೆ ಮಾರಾಟವಾಗಿ ಅಲ್ಲಿ ಬಾಡಿಗೆಯ ಬಸ್ಸುಗಳಾಗಿ ದುಡಿದುವು.

ಕೊರಿಯಾದಲ್ಲಿ ಮಕ್ಕಳನ್ನು ಮನೆಪಾಠದ ಶಾಲೆಗಳಿಗೆ ಒಯ್ಯುವ ಹಳದಿ ವ್ಯಾನುಗಳನ್ನು ನಾವು ಬೀದಿಬೀದಿಯಲ್ಲಿಯೂ ನೋಡಿದೆವು. 2013ರಲ್ಲಿ ಇಂತಹ ಶಾಲಾಗಾಡಿಗೆ ಸಿಕ್ಕಿ ಮೂರು ವರ್ಷದ ಕೂಸೊಂದು ಸತ್ತಿತು. ಅದರ ಫಲವಾಗಿ 2015ರಿಂದ, ಚಾಲಕನಲ್ಲದೆ ಮಕ್ಕಳನ್ನು ಹತ್ತಿಸಿ ಇಳಿಸುವುದಕ್ಕೆ ಇನ್ನೊಬ್ಬ ಹಿರಿಯರು ಗಾಡಿಯಲ್ಲಿ ಇರಲೇಬೇಕೆಂದು ಕಾನೂನಾಯಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರ ನಡುವೆಯೇ ಇದ್ದ ನಮಗೆ ಆ ದೇಶದಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾದುದು, ಗಾಡಿ ನಿಂತೊಡನೆ ಮೊದಲು ತಾನಿಳಿದು, ಹಿಂದೆಮುಂದೆ ನೋಡಿ, ಆಮೇಲೆ ಒಂದೊಂದೇ ಕೂಸಿನ ಕೈಹಿಡಿದು ಇಳಿಸುತ್ತಿದ್ದ ಆ ಹೆಂಗಸರ ಎಚ್ಚರಿಕೆ. ನಮ್ಮ ಊರುಗಳ ಶಾಲಾವ್ಯಾನುಗಳಲ್ಲಿ ಮಕ್ಕಳನ್ನು ತುಂಬುವ ರೀತಿಯನ್ನು ವಾಚಕರು ಬಲ್ಲರು. ಅದನ್ನು ಇಲ್ಲಿ ಬಣ್ಣಿಸುವುದಿಲ್ಲ.

ಕಿಯಾ ಕಂಪೆನಿಯ ಮುಂದಿನ ಕಥೆ ಸಂಕ್ಷೇಪವಾಗಿ ಇಷ್ಟು: ಕಾರು ಮಾಡುವ ಅನುಮತಿ ಮರಳಿ ದೊರೆತು 1987ರಲ್ಲಿ ಪ್ರೈಡ್ ಎಂಬ ಕಾರು ಬಂದಿತು, 1997ರಲ್ಲಿ ಸಾಲದ ಭಾರದಿಂದ ಕುಸಿದು, ಮರುವರ್ಷ ಹ್ಯುಂಡೈಯವರ ವಶವಾಯಿತು. ಅದೇ 1998ರಲ್ಲಿ, ಮೂಗುಳ್ಳ ಕಾರ್ನಿವಲ್ ಎಂಬ ಕುಟುಂಬವಾಹನವು ಹೊರಬಂದಿತು.

ಈ ಕಾರ್ನಿವಲ್ಲನ್ನು ನೋಡಲು ನಮ್ಮವರು ಸೋಲ್ ವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ಹೈದರಾಬಾದಿನ ಹೆದ್ದಾರಿಯಲ್ಲಿ ಎರಡು ಮೂರು ಗಂಟೆ ಸಾಗಿದರೆ ಪೆನುಕೊಂಡೆ. 1565ರ ಯುದ್ಧದಲ್ಲಿ ಹಂಪೆ ಹಾಳಾದ ಮೇಲೆ ವಿಜಯನಗರದ ಅರಸರು ಬಂದು ನೆಲಸಿದ ದುರ್ಗ. ಅದರ ಸೀಮೆಯಲ್ಲಿ 2019ರಿಂದ ಕಿಯಾದವರ ಕಾರ್ಖಾನೆಯಿದೆ. 2020ರಲ್ಲಿ ಅಲ್ಲಿಂದ ಹೊರಟ ಕಾರ್ನಿವಲ್ಲಿನಲ್ಲಿ ಏಳು, ಎಂಟು, ಒಂಬತ್ತು ಆಸನಗಳ ಬಗೆಗಳಿದ್ದುವು. ಪಕ್ಕದ ಬಾಗಿಲು ಈಗಲೂ ಹಿಂದಕ್ಕೆ ಜಾರುತ್ತದೆ, ಆದರೆ ಕೈಯಿಂದ ಎಳೆಯಬೇಕಾಗಿಲ್ಲ. ಗುಂಡಿಯನ್ನು ಒತ್ತಿದರೆ ಸಾಕು. ಬೆಳ್ಳುಳ್ಳಿಯನ್ನು ತುಂಬುವವರು ಮಾತ್ರ ಅದನ್ನು ಕೊಳ್ಳುವಂತಿಲ್ಲ, ಬೆಲೆಯು ಅಷ್ಟಿದೆ.