ಇಪ್ಪತ್ತೊಂಬತ್ತೋ ಇಪ್ಪತ್ತೇಳೂವರೆಯೋ

ಸೈಕಲ್ ಅಂಗಡಿಯ ಹುಡುಗ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೈಟ್ ಎಷ್ಟು ಸಾರ್?" ಅಂದ. ಹೆಣ್ಣು ನೋಡಲು ಹೋದ ಮನೆಯಲ್ಲೂ ಯಾರೂ ನನ್ನನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಐದಡಿ ಮೂರೂವರೆ ಇಂಚು ಅಂದೆ. ಆ ಅರ್ಧ ಇಂಚನ್ನು ನಾನು ಎಲ್ಲೂ ಬಿಟ್ಟುಕೊಟ್ಟವನಲ್ಲ. "ಹಾಗಾದ್ರೆ ಸ್ಮಾಲ್ ಫ್ರೇಮು. ಸ್ಮಾಲಿಗೆ ಇಪ್ಪತ್ತೇಳೂವರೆ ಗಾಲೀನೇ ಬರೋದು. ಇಪ್ಪತ್ತೊಂಬತ್ತು ಬೇಕಂದ್ರೆ ಮೀಡಿಯಂ ತಗೋಬೇಕು, ನಿಮಗೆ ಕಾಲು ಎಟುಕಲ್ಲ" ಎಂದವನೇ ಮುಂದಿನ ಗಿರಾಕಿಯ ಕಡೆ ತಿರುಗಿದ. ಮೂರು ತಿಂಗಳಿಂದ ನಾನು ನಿದ್ದೆಗೆಟ್ಟು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ಅವನು ಅರ್ಧ ನಿಮಿಷದಲ್ಲಿ ಇತ್ಯರ್ಥ ಮಾಡಿಬಿಟ್ಟದ್ದು ಸರಿಬರಲಿಲ್ಲ. ಏನೂ ಕೊಳ್ಳದೆ ಮನೆಗೆ ಬಂದೆ.

ನನ್ನ ಹಳೆಯದು 26 ಇಂಚಿನ ಗಾಲಿಯದು. ಹದಿನಾಲ್ಕು ಮಳೆಗಾಲ ಕಂಡಿದೆ. ಸಕಲೇಶಪುರದ ಕಡೆಯ ಕಾಫಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಭಾನುವಾರ ಬೆಳಗ್ಗೆ ಎರಡು ಗಂಟೆ ತುಳಿಯದಿದ್ದರೆ ನನಗೆ ವಾರ ಮುಗಿದಂತೆಯೇ ಅಲ್ಲ. ಹೋದ ಮಳೆಗಾಲ ಅದರ ಸೀಟಿನ ಕೊಳವೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅಲ್ಯೂಮಿನಿಯಂ ಅಂದ ಕೂಡಲೇ ವೆಲ್ಡಿಂಗಿನವನು ಕೈಮುಗಿದ. ಹೊಸದೇ ಆಗಬೇಕು ಅಂತಾಯಿತು. ಆದರೆ 26ರ ಒಳ್ಳೆಯ ಮೌಂಟೇನ್ ಬೈಕು ಹುಡುಕುವುದು ಈಗ ಬೀಸುವ ಕಲ್ಲು ಹುಡುಕಿದ ಹಾಗೆ. ಅಂಗಡಿಯಲ್ಲಿ ಇರುವುದು ಎರಡೇ ಮಾತು: 27.5 ಅಥವಾ 29.

ಈ 26 ಅನ್ನುವ ಅಳತೆಯನ್ನು ಯಾರೋ ಮೇಧಾವಿ ಲೆಕ್ಕ ಹಾಕಿ ಹಿಡಿದದ್ದು ಅಂತ ನಾನು ಬಹಳ ಕಾಲ ನಂಬಿದ್ದೆ. ಅದು ಗುಜರಿ ಕೊಟ್ಟ ಅಳತೆ. ಅಮೆರಿಕದ ಷ್ವಿನ್ ಕಂಪನಿ 1933ರಲ್ಲಿ ದಪ್ಪ ಬಲೂನ್ ಟೈರಿನ ಸೈಕಲ್ ಬಿಟ್ಟಿತು, ಪೇಪರ್ ಹಾಕುವ ಹುಡುಗರಿಗೆ ಹೇಳಿ ಮಾಡಿಸಿದಂಥದ್ದು. ನಾಲ್ಕು ದಶಕದ ನಂತರ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಪಡ್ಡೆಗಳು ಆ ಮುದಿ ಸೈಕಲ್ಲುಗಳನ್ನೇ ಅಗ್ಗಕ್ಕೆ ತಂದು ಬೆಟ್ಟದಿಂದ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಮೊದಲ ಪಂದ್ಯ ಕಟ್ಟಿದರು. ಆ ಇಳಿಜಾರಿಗೆ 'ರೀಪ್ಯಾಕ್' ಎಂದು ಹೆಸರು. ಕೆಳಗೆ ಬರುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತಂತೆ, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಎಲ್ಲ ಆ ಗುಂಪಿನವರೇ. ಬೆಟ್ಟಕ್ಕೆಂದೇ ಹೊಸ ಫ್ರೇಮು ಕಟ್ಟಿದಾಗಲೂ ಸಿಗುತ್ತಿದ್ದ ದಪ್ಪ ಟೈರು 26ರದ್ದು. ಹಾಗಾಗಿ ಗಾಲಿಯೂ 26. ಅಲ್ಲಿಂದ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ವೇದವಾಕ್ಯ.

ಮನೆಗೆ ಬಂದವನು ಕೊಟ್ಟಿಗೆಯ ಅಟ್ಟದಿಂದ ಅಪ್ಪನ ಸೈಕಲ್ಲು ಇಳಿಸಿದೆ. ಕಪ್ಪು ಬಣ್ಣ, ಕಡ್ಡಿ ಬ್ರೇಕು, ಹಾಲಿನ ಕ್ಯಾನು ಕಟ್ಟಿ ಕಟ್ಟಿ ಬಾಗಿದ ಕ್ಯಾರಿಯರ್. ನಾನು ಒಳಪೆಡಲು ಕಲಿತದ್ದು ಇದರಲ್ಲೇ. ಬಾರಿನ ಕೆಳಗೆ ಬಲಗಾಲು ತೂರಿಸಿ, ಸೊಂಟ ಸೊಟ್ಟ ಮಾಡಿಕೊಂಡು, ಪೆಡಲನ್ನು ಪೂರ್ತಿ ಸುತ್ತಿಸಲಾಗದೆ ಕಟಕ್ ಕಟಕ್ ಎಂದು ಅರ್ಧರ್ಧ ತುಳಿದುಕೊಂಡು ಊರು ಸುತ್ತಿದ್ದು. ಕಾಲು ಎಟುಕಲ್ಲ ಅಂತ ಆಗ ಯಾರೂ ನನಗೆ ಸಣ್ಣ ಫ್ರೇಮು ಕೊಟ್ಟಿರಲಿಲ್ಲ. ಗಾಳಿ ಹೋಗಿ ಬಿರಿದ ಟೈರಿನ ಪಕ್ಕೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಉಬ್ಬಕ್ಷರ ಮೇಲೆದ್ದಿತು: 28 × 1½. ಕೆಳಗೆ ಇನ್ನೂ ಚಿಕ್ಕದಾಗಿ, ಕನ್ನಡಕ ಏರಿಸಿ ಓದಬೇಕಾದಷ್ಟು ಚಿಕ್ಕದಾಗಿ, 40-635.

ಸೈಕಲ್ ಹುಚ್ಚು ಹಿಡಿದವರು ನೋಡುವುದು ಆ ಎರಡನೆಯ ಸಾಲನ್ನು. ಇಂಚಿನ ಲೆಕ್ಕ ಬಾಯಿಮಾತು, ಮಿಲಿಮೀಟರು ಪತ್ರ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. 26ಕ್ಕೆ ಅದು 559. 27.5ಕ್ಕೆ 584. ಹೊಸ ಕಾಲದ ಅದ್ಭುತ ಅಂತ ಹೊಗಳಿಸಿಕೊಳ್ಳುವ 29ಕ್ಕೆ 622. ಅಪ್ಪನ ಹಾಲಿನ ಸೈಕಲ್ಲಿನದು 635! ಹದಿಮೂರು ಮಿಲಿಮೀಟರು ದೊಡ್ಡದು. ಟೈರು ದಪ್ಪವಿರುವುದರಿಂದ ಹೊರಗಿನ ಎತ್ತರದಲ್ಲಿ 29 ಎರಡು ಸೆಂಟಿಮೀಟರು ಮುಂದೆ ಹೋಗುತ್ತದೆ ನಿಜ, ಆದರೆ ಬರೀ ರಿಮ್ಮುಗಳನ್ನು ಪಕ್ಕಪಕ್ಕ ಇಟ್ಟರೆ ಅಪ್ಪನೇ ದೊಡ್ಡವನು. ಟಾರು ಕಾಣದ ರಸ್ತೆಗೆ ದೊಡ್ಡ ಗಾಲಿ ಬೇಕೆಂದು ನಮ್ಮ ಗಾಡಿ ಮಾಡುವ ಬಡಗಿಗೂ ಗೊತ್ತಿತ್ತು. ಎತ್ತಿನ ಗಾಡಿಗೆ ಎದೆಮಟ್ಟದ ಗಾಲಿ ಕೂರಿಸುತ್ತಿದ್ದದ್ದು ಅಂದಕ್ಕಲ್ಲ.

ಲೆಕ್ಕ ಹಾಕುತ್ತಾ ಇನ್ನೊಂದು ಮೋಸ ಕಂಡಿತು. ಇಪ್ಪತ್ತೇಳೂವರೆ ಅಂದರೆ 26ಕ್ಕೂ 29ಕ್ಕೂ ಸರಿಯಾಗಿ ನಡುವೆ ಅಂತ ಯಾರಾದರೂ ತಿಳಿಯುತ್ತಾರೆ. 559ರಿಂದ 584ಕ್ಕೆ ಇಪ್ಪತ್ತೈದು, ಅಲ್ಲಿಂದ 622ಕ್ಕೆ ಮೂವತ್ತೆಂಟು. ಅಂದರೆ ಹಳೆಯದಕ್ಕಿಂತ ಒಂದೇ ಇಂಚು ದೊಡ್ಡದು. ಮಧ್ಯಸ್ಥಿಕೆಗೆ ಬಂದವನು ಒಂದು ಪಾರ್ಟಿಯ ಭಾವಮೈದುನ ಎಂದು ಆಮೇಲೆ ತಿಳಿದ ಹಾಗಾಯಿತು. ಹೊಸದೂ ಅಲ್ಲ, ಫ್ರೆಂಚರ ಟೂರಿಂಗ್ ಸೈಕಲ್ಲುಗಳ 650ಬಿ ಅಳತೆಯೇ ಇದು. 29ರದ್ದೂ ಅಷ್ಟೆ, ರೇಸ್ ಸೈಕಲ್ಲಿನ 700ಸಿ ರಿಮ್ಮಿನದೇ ವ್ಯಾಸ. ಅದಕ್ಕೆ ಬೆಟ್ಟದ ದಪ್ಪ ಟೈರು ಇರಲಿಲ್ಲ ಅಷ್ಟೆ. 1999ರಲ್ಲಿ ನ್ಯಾನೋರಾಪ್ಟರ್ ಅನ್ನುವ ಟೈರು ಬಂದು ಆ ಕೊರತೆ ನೀಗಿತು. ಜಗಳ ಶುರುವಾಯಿತು.

ಯಾವುದು ಮೇಲು ಎಂಬುದಕ್ಕೆ ಹಟ ಹಿಡಿದವರು 2012ರ ಲಂಡನ್ ಒಲಿಂಪಿಕ್ಸಿನ ಕಡೆ ಬೆರಳು ತೋರಿಸುತ್ತಾರೆ. ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ, ಸ್ವಿಟ್ಜರ್ಲೆಂಡಿನ ನಿನೊ ಷುರ್ಟರ್ 27.5ರ ಮೇಲೆ. ಕಲ್ಲು, ಹಳ್ಳ, ಏರು ಎಲ್ಲ ಮುಗಿಸಿ ಗೆರೆ ಮುಟ್ಟಿದಾಗ ಚಿನ್ನಕ್ಕೂ ಬೆಳ್ಳಿಗೂ ನಡುವೆ ಇದ್ದದ್ದು ಒಂದು ಸೆಕೆಂಡು. ಆ ಒಂದು ಸೆಕೆಂಡನ್ನು ಎರಡೂ ಪಕ್ಷದವರು ಇವತ್ತಿಗೂ ತಮಗೆ ಬೇಕಾದ ಹಾಗೆ ಓದುತ್ತಾರೆ. ನಾನಂತೂ ಅದನ್ನು ಓದಿ ಓದಿ ಇನ್ನಷ್ಟು ಗೊಂದಲಕ್ಕೆ ಬಿದ್ದೆ.

ಗೆಳೆಯನೊಬ್ಬನ 29ನ್ನು ಒಂದು ವಾರಕ್ಕೆ ಕಡ ತಂದೆ. ತೋಟದ ದಾರಿಗೆ ಅಡ್ಡಲಾಗಿ ಹಲಸಿನ ಮರದ ಒಂದು ಬೇರಿದೆ. ಮಗಳ ಸ್ಕೇಲು ಒಯ್ದು ಅಳೆದೆ, ಏಳೂವರೆ ಸೆಂಟಿಮೀಟರು. ನನ್ನ ಹಳೆಯ ಸೈಕಲ್ಲಿಗೆ ಇದು ದಿನದ ಪರೀಕ್ಷೆ: ಹ್ಯಾಂಡಲ್ ಎತ್ತಿ, ಮೈಭಾರ ಹಿಂದಕ್ಕೆ ಹಾಕಿ, ದಢ್ ಅನ್ನಿಸಿಕೊಂಡೇ ದಾಟಬೇಕು. ಗೆಳೆಯನದು ಬೇರನ್ನು ಕಂಡೂ ಕಾಣದ ಹಾಗೆ ಹತ್ತಿ ಇಳಿಯಿತು. ಎಮ್ಮೆ ಮೋರಿ ದಾಟಿದ ಹಾಗೆ. ತಿರುಗಿ ಬಂದು ಮತ್ತೆ ದಾಟಿದೆ, ಇನ್ನೊಂದು ಸಲ ದಾಟಿದೆ. ಕಾಫಿ ಕೊಯ್ಯುತ್ತಿದ್ದ ಹೆಂಗಸರು ಕುಕ್ಕೆ ಇಳಿಸಿ ನೋಡತೊಡಗಿದರು.

ರಾತ್ರಿ ಕೂತು ಲೆಕ್ಕ ಹಾಕಿದೆ. ಬೇರಿನ ಅಂಚು ಗಾಲಿಗೆ ತಾಗುವ ಕೋನ 26ಕ್ಕೆ ಸುಮಾರು 39 ಡಿಗ್ರಿ, 29ಕ್ಕೆ 37. ಎರಡೇ ಡಿಗ್ರಿ! ಒಂದು ಸುತ್ತಿಗೆ ದೊಡ್ಡ ಗಾಲಿ ಒಂದು ಗೇಣು ಹೆಚ್ಚು ಹೋಗುತ್ತದೆ, ಅಷ್ಟೇ ತುಳಿತವೂ ಭಾರ, ಅದನ್ನು ಗೇರು ಸರಿದೂಗಿಸುತ್ತದೆ. ಆದರೆ ಎರಡು ಡಿಗ್ರಿಯಲ್ಲಿ ದಢ್ ಅನ್ನುವುದು ಎಲ್ಲಿ ಮಾಯವಾಯಿತು?

ಮರುದಿನ ಬೆಳಗ್ಗೆ ಪಂಪಿನ ಮುಳ್ಳು ಗುಟ್ಟು ಬಿಟ್ಟುಕೊಟ್ಟಿತು. ಗೆಳೆಯನ ಅಗಲದ ಟೈರಿನಲ್ಲಿ ಇದ್ದದ್ದು 24 ಪಿಎಸ್‌ಐ. ನಾನು ನನ್ನದಕ್ಕೆ ಹದಿನಾಲ್ಕು ವರ್ಷದಿಂದ 50 ಹೊಡೆಯುತ್ತಿದ್ದೆ. ಹೆಬ್ಬೆರಳಲ್ಲಿ ಒತ್ತಿದರೆ ತೆಂಗಿನಕಾಯಿಯ ಹಾಗಿರಬೇಕು ಅನ್ನುವುದು ಅಪ್ಪನ ಕಾಲದ ಪಾಠ, ಹಾಲಿನ ಕ್ಯಾನಿನ ಭಾರಕ್ಕೆ ಸರಿಯಾದ ಪಾಠ. 30ಕ್ಕೆ ಇಳಿಸಿ ಹಲಸಿನ ಬೇರಿಗೆ ಹೋದೆ. ಮುದಿ 26 ಮೆತ್ತಗೆ ಬೇರನ್ನು ತಬ್ಬಿಕೊಂಡು ದಾಟಿತು. 29ರಷ್ಟಲ್ಲ. ಆದರೆ ಎರಡರ ನಡುವಿನ ಅಂತರದಲ್ಲಿ ಅರ್ಧ ಹೊರಟುಹೋಯಿತು. ತೀರಾ ಇಳಿಸಿದರೆ ಕಲ್ಲಿನ ಏಟಿಗೆ ರಿಮ್ಮು ಟ್ಯೂಬನ್ನು ಕಚ್ಚಿ ಹಾವಿನ ಹಲ್ಲಿನ ಹಾಗೆ ಜೋಡಿ ತೂತು ಮಾಡುತ್ತದೆ, ಅದನ್ನೂ ಅದೇ ವಾರ ಕಲಿತೆ. ಹದಿನಾಲ್ಕು ವರ್ಷ ಗಾಲಿಯ ಸೈಜನ್ನು ಬೈದುಕೊಂಡದ್ದರಲ್ಲಿ ಅರ್ಧ ಗಾಳಿಯ ಪಾಲಿನದು. ಹೆಂಡತಿಗೆ ಇದನ್ನು ಇನ್ನೂ ಹೇಳಿಲ್ಲ.

ಉಳಿದರ್ಧ ತೀರ್ಮಾನವಾದದ್ದು ಕಣದ ಪಕ್ಕದ ತಿರುವಿನಲ್ಲಿ. ಅಲ್ಲಿ ದಾರಿ ಕೊಕ್ಕೆಯ ಹಾಗೆ ಹಿಂದಕ್ಕೆ ಮಡಚಿ ಇಳಿಯುತ್ತದೆ, ನೆಲದ ಮೇಲೆ ಸಿಲ್ವರ್ ಓಕಿನ ಒದ್ದೆ ಎಲೆ. ನನ್ನ 26 ಅಲ್ಲಿ ಬೆಕ್ಕಿನ ಮರಿಯ ಹಾಗೆ ಹೊರಳುತ್ತದೆ. 29ರಲ್ಲಿ ಹ್ಯಾಂಡಲ್ ತಿರುಗಿಸಿದೆ, ಉದ್ದನೆಯ ಮೈ ತಿರುಗಲು ಒಪ್ಪಲಿಲ್ಲ. ಇನ್ನಷ್ಟು ತಿರುಗಿಸಿದೆ. ಮುಂದಿನ ಗಾಲಿ ನನ್ನ ಎಡಗಾಲಿನ ಬೂಟಿಗೆ ಬಂದು ತಾಗಿತು. ಕಾಲೂರೋಣವೆಂದರೆ ನೆಲ ದೂರ. ನಿಧಾನಕ್ಕೆ, ಮರ್ಯಾದೆಯಿಂದ ಎನ್ನಬೇಕು, ರೊಬಸ್ಟಾ ಗಿಡದೊಳಗೆ ಒರಗಿದೆ. ಆ ಗಿಡದಲ್ಲಿ ಚಗಳಿ ಗೂಡಿತ್ತು. ಎಲೆ ಹೊಲಿದು ಮಾಡಿದ ಅಂಥ ಚೆಂದದ ಗೂಡನ್ನು ಕೆಡವಿದ ತಪ್ಪಿಗೆ ಆ ಕೆಂಪಿರುವೆಗಳು ಕತ್ತಿನಿಂದ ಕೆಳಗೆ ಎಲ್ಲೂ ಬಿಡದೆ ವಸೂಲಿ ಮಾಡಿದವು.

ಮುಂದೆ 29, ಹಿಂದೆ 27.5 ಹಾಕುವವರೂ ಇದ್ದಾರೆ. 2019ರಿಂದ ಅಂತಾರಾಷ್ಟ್ರೀಯ ಪಂದ್ಯಗಳಲ್ಲೂ ಅದಕ್ಕೆ ಅನುಮತಿಯಿದೆ. ಮುಂದೆ ಕತ್ತರಿಸಿ ಹಿಂದೆ ಬಿಡುವ ಒಂದು ಕ್ರಾಪಿನ ಹೆಸರಿಂದ ಅದನ್ನು 'ಮಲೆಟ್' ಅನ್ನುತ್ತಾರೆ. ನಮ್ಮಜ್ಜನ ಜುಟ್ಟಿನ ಶೈಲಿಯೇ. ನನಗೆ ಅಷ್ಟು ದುಡ್ಡೂ ಇಲ್ಲ, ಅಷ್ಟು ಇಳಿಜಾರೂ ಇಲ್ಲ.

ಕಡಮೆ ಓದಿದವರು ಸುಮ್ಮನೆ ಕೊಂಡು ಓಡಿಸುತ್ತಾರೆ, ಅದು ನನಗೆ ಗೊತ್ತು. ಆದರೆ ಸೈಕಲ್ಲಿನ ಸುಖದಲ್ಲಿ ಮುಕ್ಕಾಲು ಪಾಲು ಕೊಳ್ಳುವ ಮೊದಲೇ ಇರುತ್ತದೆ. ಕಡ ತಂದ ಗಾಲಿ, ಮಗಳ ಸ್ಕೇಲು, ಹಲಸಿನ ಬೇರು ಇವಕ್ಕೆಲ್ಲ ಬಿಲ್ಲಿನಲ್ಲಿ ಜಾಗವಿಲ್ಲ. ನನ್ನ ದಾರಿಯಲ್ಲಿ ನೇರ ಓಟ ಕಡಮೆ, ಮಡಚು ಹೆಚ್ಚು. ದೊಡ್ಡ ಗಾಲಿ ನೆಲವನ್ನು ಮುಚ್ಚಿಡುತ್ತದೆ, ನಾನು ಹೋಗುವುದೇ ನೆಲ ನೋಡಲು.

ಮುಂದಿನ ಶನಿವಾರ ಅದೇ ಅಂಗಡಿಗೆ ಹೋಗಿ, ತಗ್ಗಿದ ದನಿಯಲ್ಲಿ, ಸ್ಮಾಲ್ ಫ್ರೇಮು, ಇಪ್ಪತ್ತೇಳೂವರೆ ಅಂದೆ. ಟೈರು ಮಾತ್ರ ಅಗಲದ್ದು, 2.4 ಇಂಚಿನದು ಹಾಕಿಸಿಕೊಂಡೆ. ಹುಡುಗನ ಮುಖದಲ್ಲಿ ಗೆದ್ದ ಭಾವ ಇತ್ತೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ. ಬಾಟಲಿ ಸ್ಟ್ಯಾಂಡಿಗೆ ಚೌಕಾಸಿ ಮಾಡಿದೆ, ಬೆಲ್ಲು ಪುಕ್ಕಟೆ ಬಂತು. ಅವನು ಕಂಪ್ರೆಸರ್ ಪೈಪು ಎಳೆದು ತಂದು ಎರಡೂ ಗಾಲಿಗೆ ಬುಸ್ ಬುಸ್ ಎಂದು ತುಂಬಿಸಿ, ಟೈರಿಗೆ ಒಂದು ಗುದ್ದು ಕೊಟ್ಟು, "ಕಲ್ಲಿನ ಥರ ಹೊಡೆದಿದ್ದೀನಿ ಸಾರ್, ಆರು ತಿಂಗಳು ಮುಟ್ಟೋ ಹಾಗಿಲ್ಲ" ಅಂದ.

ಥ್ಯಾಂಕ್ಸ್ ಹೇಳಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ತಿರುಗಿ, ಅವನ ಕಣ್ಣು ತಪ್ಪಿತು ಅಂತ ಖಾತ್ರಿಯಾದ ಮೇಲೆ, ಗೋಡೆಗೆ ಸೈಕಲ್ ಒರಗಿಸಿ, ವಾಲ್ವಿನ ಮುಚ್ಚಳ ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು, ಉಗುರಿನ ತುದಿಯಿಂದ ಒಳಗಿನ ಮೊಳೆಯನ್ನು ಒತ್ತಿದೆ. ಉಸ್ಸ್...